ಕುಟ್ಟದ ಇಂಜಿನ್

ಗಾಜಿನ ಆಚೆಯ ಸದ್ದಿಲ್ಲದ ಕೋಣೆಯಲ್ಲಿ ಕೂತಿದ್ದ ಮುದುಕಿ ಗುಂಡಿ ಒತ್ತಿದಳು. ಅವನಿನ್ನೂ ಅವಳ ಕಿವಿಗೆ ಸ್ವರವನ್ನೇ ಬಿಟ್ಟಿರಲಿಲ್ಲ. ಕೇಳಿಸದೆಯೇ ಗುಂಡಿ ಒತ್ತುವವರು ಅವನಿಗೆ ಹೊಸಬರಲ್ಲ. ಕಿವಿ ಪರೀಕ್ಷೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಪಾಸಾಗಲೇಬೇಕೆಂದು ಹಟ ಹಿಡಿದೇ ಒಳಗೆ ಹೋಗುತ್ತಾರೆ, ಹೊರಗೆ ಬೆಂಚಿನ ಮೇಲೆ ಕಾದಿರುವ ಮಗನಿಗೋ ಸೊಸೆಗೋ ತಾವಿನ್ನೂ ಕಿವುಡರಾಗಿಲ್ಲವೆಂದು ತೋರಿಸಬೇಕಾಗಿರುತ್ತದೆ. ಬೇರೆ ದಿನವಾಗಿದ್ದರೆ ಮೈಕಿನಲ್ಲಿ ಮೆತ್ತಗೆ, ಅವಸರವಿಲ್ಲ ಅಜ್ಜಿ, ಕೇಳಿಸಿದ ಮೇಲೇ ಒತ್ತಿ, ಎನ್ನುತ್ತಿದ್ದ. ಇವತ್ತು ಯಂತ್ರದ ತಿರುಪಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. ನಿನ್ನೆ ಸಂಜೆ ಬರಬೇಕಾಗಿದ್ದ ಒಂದು ಸದ್ದು ಬಂದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ, ಮಗಳ ಶಾಲೆಯ ಗೇಟಿನ ಮುಂದೆ ನಿಂತಾಗಲೂ, ಈಗಲೂ, ಅವನು ಆ ಬಾರದ ಸದ್ದಿಗೇ ಕಿವಿಗೊಟ್ಟಿದ್ದ.

ನಿನ್ನೆ ಸಂಜೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಪಕ್ಕದ ಸೀಟಿಗೆ ಲ್ಯಾಪ್‌ಟಾಪ್ ಬಿಗಿದುಕೊಂಡು, ಇಂಜಿನ್ನಿಗೆ ಕಚ್ಚಿಸಿದ ತಂತಿಯ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು, ಕಾರನ್ನು ಟ್ಯೂನ್ ಮಾಡುತ್ತಿದ್ದ. ಎಷ್ಟು ಪೆಟ್ರೋಲು ಹೋಗಬೇಕು, ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕು ಎಂಬುದನ್ನೆಲ್ಲ ಪರದೆಯ ಮೇಲಿನ ಚೌಕಗಳಲ್ಲಿ ಒಂದೊಂದಾಗಿ ತಿದ್ದುವುದು ಆ ಕೆಲಸ. ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸಿದರೆ ಇಂಜಿನ್ನಿಗೆ ಬಲ ಬರುತ್ತದೆ. ಅತಿಯಾದರೆ ಅದು ಒಳಗೊಳಗೇ ಕುಟ್ಟತೊಡಗುತ್ತದೆ, ತಗಡಿನ ಡಬ್ಬಿಗೆ ಜಲ್ಲಿ ಹಾಕಿ ಅಲ್ಲಾಡಿಸಿದಂಥ ಸದ್ದು, ಅದನ್ನು ಕೇಳಿಯೂ ಮುಂದುವರಿದರೆ ಪಿಸ್ಟನ್ ತೂತು ಬಿದ್ದು ಎಲ್ಲ ಮುಗಿಯಿತು. ಕಿವಿಯನ್ನೇ ನಂಬಿ ಅನ್ನ ತಿನ್ನುವ ಅವನು ಆ ಸದ್ದಿನ ಅಂಚಿನವರೆಗೂ ಯಾವತ್ತೂ ಹೋದವನಲ್ಲ. ನಿನ್ನೆ ಮಾತ್ರ, ಎಷ್ಟು ತಿದ್ದಿದರೂ ಏಳದ ಕಾರಿನ ಮೇಲೆ ರೇಗಿ, ಆದದ್ದಾಗಲಿ ಎಂದು ಕಿಡಿಯನ್ನು ಮುಂದೆ ತಂದ, ಇನ್ನೂ ಮುಂದೆ ತಂದ. ಇಷ್ಟರಲ್ಲಿ ಅದು ಕುಟ್ಟಲೇಬೇಕಾಗಿತ್ತು. ಕುಟ್ಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದರು. ಅವನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಹೆಡ್‌ಫೋನು ತೆಗೆಯದೆ, ಸ್ಟಿಯರಿಂಗ್ ಹಿಡಿದೇ ಕೂತ. ಮೇಷ್ಟ್ರು ಕಟ್ಟಿಕೊಟ್ಟ ಇಂಜಿನ್ ಹೀಗೆ ಸುಮ್ಮನಿರಲು ಸಾಧ್ಯವೇ ಇರಲಿಲ್ಲ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರೇಸಿನ ಇಂಜಿನ್ ಕಟ್ಟುವವರು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಬಿಚ್ಚಿಟ್ಟ ಭಾಗಗಳನ್ನು ಸೀಮೆಸುಣ್ಣದಿಂದ ತೋರಿಸುತ್ತ ವಿವರಿಸುವ ಅಭ್ಯಾಸದಿಂದ ಆ ಹೆಸರು ಬಿದ್ದಿತ್ತು. ದೊಡ್ಡ ದೊಡ್ಡ ಕಾರಿನವರನ್ನು ಗೇಟಿನ ಹೊರಗೆ ಕಾಯಿಸುತ್ತಿದ್ದವರು ಇವನ ಹಳೆಯ ಎರಡು ಬಾಗಿಲಿನ ಕಾರನ್ನು ಒಪ್ಪಿಕೊಂಡಾಗ ಇವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕಟ್ಟೋದು ನನ್ನ ಕೆಲಸ, ಪಳಗಿಸೋದು ನಿಮ್ಮದು, ಅಂದಿದ್ದರು. ಹೊರಗಿನಿಂದ ತರಿಸಿದ ಪಿಸ್ಟನ್ನುಗಳು ಬಂದ ದಿನ ಅವನು ಪೆಟ್ಟಿಗೆಯನ್ನು ಮೊದಲು ಮನೆಗೇ ಒಯ್ದಿದ್ದ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಒಂದನ್ನು ನಿಲ್ಲಿಸಿ, ನೋಡು, ತಲೆ ಹೇಗೆ ಉಬ್ಬಿದೆ, ಮಾಮೂಲಿಯದು ಚಪ್ಪಟೆಯಾಗಿರುತ್ತೆ, ಈ ಉಬ್ಬು ಗಾಳಿಯನ್ನು ಹಿಂಡಿಬಿಡುತ್ತೆ, ಹಿಂಡಿದಷ್ಟೂ ಬಲ ಜಾಸ್ತಿ, ಕುಟ್ಟೋದೂ ಅಷ್ಟೇ ಬೇಗ, ಎಂದು ಹೆಂಡತಿಗೆ ವಿವರಿಸಿದ್ದ. ಅವಳು ಕೈ ಒರೆಸಿಕೊಂಡು ಅದನ್ನೆತ್ತಿ, ಬೋರಲು ಹಾಕಿದ ಲೋಟ ಇದ್ದಂಗಿದೆ, ಅಂದಿದ್ದಳು. ಆಮೇಲೆ, ಇದನ್ನು ಹಾಕಿದರೆ ಎಷ್ಟು ಜೋರಾಗಿ ಹೋಗುತ್ತೆ ಎಂದು ಕೇಳಿದ್ದಳು. ಅವಳಾಗಿ ಕಾರಿನ ಬಗ್ಗೆ ಕೇಳಿದ್ದು ಅದೇ ಮೊದಲು. ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ ಮೇಜಿನಿಂದ ಏಳುವವರೆಗೂ ಹೇಳುತ್ತಲೇ ಇದ್ದ.

ಇಂಜಿನ್ ಬಂದಿತು. ರೇಷ್ಮೆಯ ಸುರುಳಿ ಬಿಡಿಸಿದಷ್ಟು ನಯವಾಗಿ ತಿರುಗುತ್ತಿತ್ತು, ಆದರೆ ಬಲವಿರಲಿಲ್ಲ. ಟ್ಯೂನಿಂಗ್ ಸರಿಯಾಗಿಲ್ಲ ಎಂದುಕೊಂಡ. ಸಂಜೆಗಳೆಲ್ಲ ಮನೆಯ ಪಕ್ಕದ ಶೆಡ್ಡಿಗೆ ಹೋದವು, ಭಾನುವಾರಗಳೂ ಹೋದವು. ಮೇಷ್ಟ್ರಿಗೆ ಫೋನು ಮಾಡಿದರೆ, ಹೇಳೋದಕ್ಕಿಂತ ನೀವೇ ಕಲೀಬೇಕು ಸಾರ್, ಇನ್ನೊಂದು ಸ್ವಲ್ಪ ನೋಡಿ, ಎನ್ನುತ್ತಿದ್ದರು. ಅದನ್ನು ಅವನು ಗುರುವಿನ ಪರೀಕ್ಷೆ ಎಂದೇ ತಿಳಿದಿದ್ದ. ಕಾರಿನ ಗೆಳೆಯರೆಲ್ಲ ಸೇರಿ, ಚಕ್ರಗಳನ್ನು ರೋಲರುಗಳ ಮೇಲಿಟ್ಟು ಇಂಜಿನ್ನಿನ ಬಲ ಅಳೆಯುವ ಜಾಗಕ್ಕೆ ಹೋದ ದಿನ, ಅವನ ಸರದಿ ಬಂದಾಗ ಎಲ್ಲರೂ ಫೋನು ಹಿಡಿದು ನಿಂತಿದ್ದರು. ಪರದೆಯ ಮೇಲೆ ಗೆರೆ ಏರುತ್ತ ಏರುತ್ತ ನಡುವೆಯೇ ಸುಸ್ತಾಗಿ ಮಲಗಿತು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಟೈರಿನ ಅಂಗಡಿಯವನು ಬೆನ್ನು ತಟ್ಟಿ, ಊರಿನವರ ಕಿವಿಯೆಲ್ಲ ನೀವೇ ನೋಡೋದು, ಇದರ ಗೋಳು ಮಾತ್ರ ನಿಮಗೆ ಕೇಳಿಸಲಿಲ್ಲ ನೋಡಿ, ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಮೇಷ್ಟ್ರು ಮಾತ್ರ ನಗಲಿಲ್ಲ. ಗೋಡೆಗೊರಗಿ ಅವನ ಗೆರೆಯನ್ನು ಬಹಳ ಹೊತ್ತು ನೋಡಿದರು, ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಚಹಾ ಕುಡಿಯಲು ಹೋದರು. ಕಟ್ಟಿದವರ ಮರ್ಯಾದೆಯನ್ನೂ ತಾನು ಕಳೆದೆನಲ್ಲ ಎಂದು ಅವತ್ತು ಮನೆಗೆ ಬಂದು ಹೆಂಡತಿಯ ಮುಂದೆ ಅತ್ತಿದ್ದ. ಅವಳು ಅವನ ತಲೆಗೂದಲಲ್ಲಿ ಬೆರಳಾಡಿಸುತ್ತ, ಬಿಡಿ, ಎಲ್ಲರಿಗೂ ಎಲ್ಲಾ ಬರಬೇಕು ಅಂತ ಏನಿದೆ, ಅಂದಿದ್ದಳು.

ಅಜ್ಜಿ ಮತ್ತೆ ಗುಂಡಿ ಒತ್ತಿ, ಗಾಜಿನಾಚೆಯಿಂದ ಅವನ ಮುಖ ನೋಡಿ ನಕ್ಕಳು.

ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದ. ಶೆಡ್ಡಿನ ಬಾಗಿಲು ಹಾಕಿಕೊಂಡು, ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಒಂದನ್ನು ಬಿಚ್ಚಿ, ಮೊಬೈಲಿಗೆ ಸಿಕ್ಕಿಸುವ ತೆಳ್ಳನೆಯ ಕ್ಯಾಮೆರಾ ತಂತಿಯನ್ನು ಆ ತೂತಿನಿಂದ ಒಳಗಿಳಿಸಿದ. ಪರದೆಯ ಮೇಲೆ ಕಪ್ಪು ಗೋಡೆ ಓಲಾಡಿತು. ಆಮೇಲೆ ಪಿಸ್ಟನ್ನಿನ ತಲೆ ಕಂಡಿತು. ಚಪ್ಪಟೆ. ಅಂಗೈಯಷ್ಟು ಚಪ್ಪಟೆ. ಎರಡನೆಯದನ್ನು ನೋಡಿದ, ಮೂರನೆಯದನ್ನು ನೋಡುವ ಹೊತ್ತಿಗೆ ಹೆಂಡತಿ ಪಕ್ಕದ ಬಾಗಿಲಿಂದ ಕಾಫಿ ಹಿಡಿದು ಬಂದಳು. ಇಷ್ಟು ಬೇಗ ಬಂದಿದ್ದಕ್ಕೆ ಹುಷಾರಿಲ್ಲವೇ ಎಂದು ಕೇಳಿದಳು. ಅವನು ಫೋನನ್ನು ಮಗುಚಿಟ್ಟ. ಯಾಕೆ ಹಾಗೆ ಮಾಡಿದನೋ ತಿಳಿಯದು. ಮೋಸ ಹೋದವನು ತಾನಾಗಿದ್ದರೂ ಕೈ ಕಳ್ಳನದಾಗಿತ್ತು. ಅವಳು ಲೋಟವನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟು, ಮಗುಚಿಟ್ಟ ಫೋನನ್ನೊಮ್ಮೆ, ಬಿಚ್ಚಿದ ಪ್ಲಗ್ಗನ್ನೊಮ್ಮೆ ನೋಡಿ ಒಳಗೆ ಹೋದಳು.

ಮೇಷ್ಟ್ರು ತನ್ನ ಪಿಸ್ಟನ್ನುಗಳನ್ನು ಯಾವನಿಗೋ ಮಾರಿಕೊಂಡಿದ್ದಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸಮಾಧಾನವಿತ್ತು. ನಂಬಿದ ಮೆಕ್ಯಾನಿಕ್ಕಿನಿಂದ ಮೋಸ ಹೋಗದವರು ಯಾರಿದ್ದಾರೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಮೋಸ ಅದು. ರೋಲರಿನ ಹತ್ತಿರ ನಕ್ಕವರನ್ನೆಲ್ಲ ಸೇರಿಸಿ ಚಪ್ಪಟೆ ತಲೆಯ ಚಿತ್ರ ತೋರಿಸುವುದನ್ನೂ, ಟೈರಿನವನು ಬಾಯಿ ಮುಚ್ಚಿಕೊಳ್ಳುವುದನ್ನೂ ಕಲ್ಪಿಸಿಕೊಳ್ಳುತ್ತಲೇ ಮೇಷ್ಟ್ರ ಶೆಡ್ಡಿನ ಮುಂದೆ ಇಳಿದ. ಅವರು ಒಬ್ಬರೇ ಇದ್ದರು. ಅವನು ಫೋನನ್ನು ಅವರ ಮುಂದೆ ಹಿಡಿದ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ನೋಡಿ, ಮರಳಿ ಕೊಟ್ಟು, ಕಬ್ಬಿಣದ ಬೀರುವಿನ ಕಡೆ ನಡೆದರು. ಅಲ್ಲಿಂದ ತೆಗೆದು ಮೇಜಿನ ಮೇಲಿಟ್ಟದ್ದು ಅವನದೇ ಪೆಟ್ಟಿಗೆ. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಉಬ್ಬು ತಲೆಗಳು, ಅವನು ಊಟದ ಮೇಜಿನ ಮೇಲಿಂದ ಎತ್ತಿಟ್ಟಷ್ಟೇ ಹೊಸದಾಗಿ ಮಲಗಿದ್ದವು.

"ಯಾಕೆ ಮೇಷ್ಟ್ರೇ?" ಎಂದ. ಮಾರಿಕೊಂಡಿಲ್ಲವೆಂಬುದೇ ಅವನಿಗೆ ಹೆದರಿಕೆ ಹುಟ್ಟಿಸಿತ್ತು.

ಮೇಷ್ಟ್ರು ಹಳೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ನಿಮ್ಮ ಮನೆಯವರು ಬಂದಿದ್ರು."

ಒಂದು ಮಧ್ಯಾಹ್ನ ಬಂದಿದ್ದಳಂತೆ, ಇದೇ ಸ್ಟೂಲಿನ ಮೇಲೆ ಕೂತಿದ್ದಳಂತೆ, ಕೊಟ್ಟ ಚಹಾ ಮುಟ್ಟಿರಲಿಲ್ಲವಂತೆ. ಗಂಡನಿಗೆ ಗೊತ್ತಾಗದ ಹಾಗೆ ಕಾರನ್ನು ನಿಧಾನ ಮಾಡಿಕೊಡಲು ಬರುತ್ತದೆಯೇ ಎಂದು ಕೇಳಿದಳಂತೆ. ಒಂದಲ್ಲ ಒಂದು ದಿನ ಗೊತ್ತಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದಕ್ಕೆ, ಗೊತ್ತಾದಾಗ ಗೊತ್ತಾಗಲಿ, ಅಂದಳಂತೆ. ಇಲ್ಲವೆನ್ನಲು ತಮಗೆ ಬಾಯಿ ಬರಲಿಲ್ಲವೆಂದರು. ಹಾಗೆಂದು ಕೆಲಸ ಕೆಡಿಸಿಲ್ಲ, ಮಾಮೂಲಿ ಪಿಸ್ಟನ್ನುಗಳನ್ನೇ ಒಂದಕ್ಕೊಂದು ತೂಗಿ ಸರಿದೂಗಿಸಿ ಹಾಕಿದ್ದೇನೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ, ಎಂದರು. "ಸುಳ್ಳು ಕೆಲಸ ಮಾಡಿಲ್ಲ ಸಾರ್, ಸಣ್ಣ ಕೆಲಸ ಮಾಡಿದೀನಿ, ಅಷ್ಟೇ." ಅವನು ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಮುಚ್ಚಿ ಮಾಡುತ್ತಿದ್ದ. ರೋಲರಿನ ದಿನವಾದರೂ ಹೇಳಬಹುದಿತ್ತಲ್ಲ ಎಂದ. ಅವತ್ತೇ ಹೇಳೋಣ ಅನ್ನಿಸಿತ್ತು ಎಂದು ಮೇಷ್ಟ್ರು ನೆಲ ನೋಡಿದರು. "ಆ ಇಂಜಿನ್ನಿಂದ ಅಷ್ಟು ಬಲ ಬರುತ್ತೆ ಅಂತ ನಾನೇ ಅಂದ್ಕೊಂಡಿರಲಿಲ್ಲ. ನನ್ನ ಕೈಲೂ ಆಗ್ತಿರಲಿಲ್ಲ ಅದು. ನಿಮ್ಮ ಕೈ ಚೆನ್ನಾಗಿದೆ ಸಾರ್. ಅದೊಂದು ಮಾತು ಹೇಳಿದ್ರೆ ಇದೆಲ್ಲಾನೂ ಹೇಳಬೇಕಾಗ್ತಿತ್ತು."

ನಿಮ್ಮ ಕೈ ಚೆನ್ನಾಗಿದೆ. ಈ ಮನುಷ್ಯನ ಬಾಯಿಂದ ಇದೊಂದು ಮಾತು ಬರಲೆಂದು ಸಂಜೆಗಳನ್ನೆಲ್ಲ ಸುಟ್ಟುಕೊಂಡಿದ್ದ, ಬರದೇ ಇದ್ದುದಕ್ಕೆ ತನ್ನನ್ನೇ ಶಪಿಸಿಕೊಂಡಿದ್ದ. ಈಗ ಅದು ಬಂದು ಬಿದ್ದದ್ದು ಇಂಥ ಕಡೆ. ಆದರೂ ಎದೆಯಲ್ಲೊಂದು ಬೆಚ್ಚಗಿನ ಖುಷಿ ಏಳುತ್ತಿರುವುದು ಅವನಿಗೆ ತಿಳಿಯಿತು, ತಡೆದರೂ ನಿಲ್ಲಲಿಲ್ಲ. ಒದ್ದವನ ಮುಂದೆಯೇ ಬಾಲ ಅಲ್ಲಾಡಿಸುವ ನಾಯಿ ನಾನು ಎಂದುಕೊಂಡ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬರ್ತೀನಿ ಎಂದೂ ಹೇಳದೆ ಹೊರಟ. ಗೇಟಿನವರೆಗೂ ಬಂದ ಮೇಷ್ಟ್ರು ನಿತ್ಯದಂತೆ ಕೈಯೆತ್ತಿದರು, ಅವನ ಕೈಯೂ ನಿತ್ಯದಂತೆ ತಾನಾಗಿಯೇ ಎದ್ದಿತು.

ಮನೆಯಲ್ಲಿ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅವನು ಬಾಗಿಲ ಹತ್ತಿರ ನಿಂತ, ಅವಳು ಅವನ ಅಂಗಿಯೊಂದನ್ನು ಗದ್ದಕ್ಕೊತ್ತಿ ತೋಳು ಮಡಿಸುತ್ತ, ಹೋಗಿದ್ರಾ ಅಲ್ಲಿಗೆ, ಎಂದು ತಾನೇ ಕೇಳಿದಳು. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳು ಅಲ್ಲೇ ಬಿಚ್ಚಿಹೋದವು. ಅವಳು ಅಣೆಕಟ್ಟಿನ ರಸ್ತೆಯ ದಿನದ ಮಾತೆತ್ತಿದಳು. ಅವನಿಗೆ ಅದು ಒಳ್ಳೆಯ ನೆನಪು. ಹಳೆಯ ಇಂಜಿನ್ನಿದ್ದಾಗ, ಮಗಳನ್ನು ಹಿಂದೆ ಕೂರಿಸಿಕೊಂಡು, ಆ ತಿರುವುಗಳ ಮೇಲೆ ಕಾರು ಹಾಡಿಕೊಂಡು ಹೋಗಿತ್ತು, ಮೂವರೂ ಖುಷಿಯಲ್ಲಿದ್ದರೆಂದೇ ಅವನು ಇಷ್ಟು ದಿನ ತಿಳಿದಿದ್ದ. ನಿಲ್ಲಿಸಿ ಎಂದು ಮತ್ತೆ ಮತ್ತೆ ಹೇಳಿದೆ, ಮಗು ಬಾಯಿ ಮುಚ್ಚಿಕೊಂಡು ಅಳುತ್ತಿತ್ತು, ನೀವು ತಲೆ ಓರೆ ಮಾಡಿಕೊಂಡು ಇಂಜಿನ್ನನ್ನೇ ಕೇಳುತ್ತಿದ್ದಿರಿ, ಎಂದಳು. ಮನೆಗೆ ಬಂದ ಮೇಲಾದರೂ ಹೇಳಬೇಕಿತ್ತು ಎಂದ. "ಹೇಳಿದ್ದೆ ರೀ. ನೀವು ಟೈರು ಎಷ್ಟು ಚೆನ್ನಾಗಿ ಹಿಡೀತು ಅಂತ ಹೇಳೋಕೆ ಶುರು ಮಾಡಿದ್ರಿ."

ಅದು ನಿಜವಿರಬಹುದು. ನಿಜವೆಂದು ಒಪ್ಪಿಕೊಳ್ಳಲು ಅವನಿಗೆ ಕಷ್ಟವಿರಲಿಲ್ಲ. ಕಾರನ್ನು ನಿಧಾನ ಮಾಡಿಸಿದ್ದನ್ನೂ ಹೇಗೋ ನುಂಗಬಹುದಿತ್ತು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ. ಶೆಡ್ಡಿಗೆ ಅವಳು ಕಾಫಿ ತಂದ ಸಂಜೆಗಳು, ಪರದೆಯ ಚೌಕಗಳ ಮುಂದೆ ತಲೆ ಹಿಡಿದು ಕೂತ ಅವನ ಭುಜದ ಮೇಲೆ ಅವಳಿಟ್ಟ ಕೈ, ಇವತ್ತು ಹೇಗಿದೆ ಎಂಬ ಪ್ರಶ್ನೆ. ಆ ಕೈಗೆ ಎಲ್ಲ ಗೊತ್ತಿತ್ತು.

"ನನಗೆ ಬರಲ್ಲ, ನಾನು ದಡ್ಡ ಅಂತ ನಿನ್ನ ಮುಂದೆ ಅತ್ತೆ ಕಣೇ," ಎಂದ. "ತಲೆ ಸವರ್ತಾ ಕೂತಿದ್ದೆಯಲ್ಲ."

ಅವಳು ಅಂಗಿಯನ್ನು ರಾಶಿಯ ಮೇಲಿಟ್ಟು, ಅಂಗೈಯಿಂದ ಒತ್ತಿ ಸಮ ಮಾಡಿದಳು. "ಒದ್ದಾಡ್ತಿದ್ರಿ, ನೋಡೋಕೆ ಸಂಕಟ ಆಗ್ತಿತ್ತು. ಆದ್ರೆ ಮನೇಲಿ ಇದ್ರಿ."

ಅವನಿಗೆ ಸಿಟ್ಟು ಬಂತು. ಅವನ ಸೋಲನ್ನು ಅವಳು ಮನೆಯ ಬಾಗಿಲಿಗೆ ಅಗುಳಿಯಾಗಿ ಹಾಕಿಕೊಂಡಿದ್ದಳು, ಆ ಅಗುಳಿಯ ಹಿಂದೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ನಾಳೆಯೇ ಆ ಪಿಸ್ಟನ್ನುಗಳನ್ನು ಹಾಕಿಸುತ್ತೇನೆ ಎಂದ. ನಿಮ್ಮಿಷ್ಟ ಎಂದು ಅವಳು ಮಗಳನ್ನು ಕರೆತರಲು ಚಪ್ಪಲಿ ಮೆಟ್ಟಿದಳು.

ಹಾಕಿಸಲಿಲ್ಲ. ಕಾರನ್ನು ಮೇಷ್ಟ್ರ ಶೆಡ್ಡಿನಲ್ಲಿ ಬಿಟ್ಟು ಬಂದದ್ದು ನಿಜ. ಮೇಷ್ಟ್ರು, ಮೊದಲು ನಿಮ್ಮ ಮನೆಯವರ ಹತ್ತಿರ ಮಾತಾಡಿ ಎಂದು ರಾಗ ಎಳೆದು, ಕೊನೆಗೆ ಇಂಜಿನ್ ಇಳಿಸಲು ಸರಪಳಿ ಕಟ್ಟುತ್ತಿದ್ದಾಗ ಅವನೇ ಬೇಡವೆಂದ. ಕೈಗೆ ಬಂದ ಬಲ ಅವನಿಗೆ ಬೇಡವಾಗಿತ್ತು. ಒಳಗೊಳಗೇ ಸ್ವಲ್ಪ ಹೆದರಿಕೆಯೂ ಇತ್ತು, ಇಷ್ಟು ದಿನ ತಿದ್ದಿದ ಚೌಕಗಳೆಲ್ಲ ಈ ಸಣ್ಣ ಇಂಜಿನ್ನಿಗೆ ಹೊಂದಿದವು, ಆ ಇನ್ನೊಂದಕ್ಕೆ ಹೊಸದಾಗಿ ಶುರು ಮಾಡಬೇಕು, ಆಗ ಸೋತರೆ ಬೊಟ್ಟು ಮಾಡಿ ತೋರಿಸಲು ಯಾರೂ ಇರುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಅವಳ ಹೆದರಿಕೆ. ತನ್ನ ಪಕ್ಕದಲ್ಲಿ, ಇಲ್ಲದ ಬಲಕ್ಕೆ ಹೆದರಿ ಅವಳು ಕೂತಿರಬೇಕು, ಇಲ್ಲದ ದಡ್ಡತನಕ್ಕೆ ತಾನು ಕುಗ್ಗಿ ಕೂತಿದ್ದ ಹಾಗೆ. ತಾನು ಅವಳ ಭುಜದ ಮೇಲೆ ಕೈಯಿಟ್ಟು ಹೇಗಿದೆ ಎಂದು ಕೇಳಬೇಕು. ಕಾರು ಕೆಲವು ದಿನ ಇಲ್ಲೇ ಇರಲಿ, ಅವಳು ಕೇಳಿದರೆ ಹೊಸದು ಹಾಕಿದ್ದೇನೆ ಎನ್ನಿ, ಎಂದು ಮೇಷ್ಟ್ರಿಗೆ ಹೇಳಿದ.

"ಇನ್ನೊಂದು ಸುಳ್ಳಾ ಸಾರ್?"

"ನಿಮಗೆ ಅಭ್ಯಾಸ ಇದೆಯಲ್ಲ," ಎಂದ. ಮೇಷ್ಟ್ರ ಮುಖ ಸಣ್ಣದಾಯಿತು. ಆಯ್ತು ಅಂದರು. ಆ ಮುಖ ನೋಡಿ ಅವನಿಗೆ ಬಹಳ ದಿನದ ಮೇಲೆ ಹಸಿವಾಯಿತು.

ಕಾರು ಮನೆಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವನು ಕರೆಯುವ ಮೊದಲೇ ಅವಳೇ, ನಡೀರಿ ನೋಡೋಣ ಹೇಗಾಗಿದೆ ಅಂತ, ಎಂದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟರು. ಊರು ದಾಟುವವರೆಗೂ ಅವನು ಮೆಲ್ಲಗೆ ಓಡಿಸುತ್ತ, ಈಗ ಕಾಲು ಇಟ್ಟರೆ ಸಾಕು ಹಾರುತ್ತೆ, ನಾನೇ ಹುಷಾರಾಗಿರಬೇಕು, ಎಂದೆಲ್ಲ ಹೇಳಿದ. ಅವಳು ಹೂಂಗುಟ್ಟಿದಳು. ದೊಡ್ಡ ರಸ್ತೆ ಸೇರಿದ ಮೇಲೆ ಕಿಟಕಿ ಇಳಿಸಿ, ಗಾಳಿ ಚೆನ್ನಾಗಿದೆ ಅಂದಳು. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಿಸಿಕೊಂಡು, ಮಡಿಲಲ್ಲಿದ್ದ ಕಿತ್ತಳೆ ಸುಲಿಯತೊಡಗಿದಳು.

ಅವನು ಆ ಕಾಲುಗಳನ್ನು ನೋಡಿದ. ಕಾರಿನಲ್ಲಿ ಭಯವಾದರೆ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ, ಅಲ್ಲೊಂದು ಬ್ರೇಕು ಇದ್ದಂತೆ. ಬಸ್ಸಿನಲ್ಲೂ ಒತ್ತುತ್ತದೆ, ಮದುವೆಯಾದ ಹೊಸದರಲ್ಲಿ ಅದನ್ನು ಹೇಳಿ ಅವಳನ್ನು ರೇಗಿಸುತ್ತಿದ್ದ. ಈಗ ಆ ಕಾಲು ಸೀಟಿನ ಮೇಲೆ ಮಡಿಸಿಕೊಂಡು, ಬೆಚ್ಚಗೆ, ಹೆಬ್ಬೆರಳನ್ನಷ್ಟೇ ಆಡಿಸುತ್ತ ಕೂತಿತ್ತು. ಹೊಸ ಇಂಜಿನ್ನಿನ ಪಕ್ಕದಲ್ಲಿ ಹೀಗೆ ಕೂರುವ ಹೆಂಗಸಲ್ಲ ಅವಳು. ಮೇಷ್ಟ್ರು ಹೇಳಿಬಿಟ್ಟಿದ್ದರು. ಅವತ್ತೇ, ಅವನು ಗೇಟು ದಾಟುತ್ತಿದ್ದಂತೆಯೇ ಫೋನು ಮಾಡಿ ಹೇಳಿರಬೇಕು, ಏನೂ ಹಾಕಿಲ್ಲ, ಹೆದರಬೇಡಿ, ಸಾರ್ ಮನಸ್ಸಿಗೆ ನೋವಾಗಿದೆ, ಸ್ವಲ್ಪ ಅನುಸರಿಸಿಕೊಂಡು ಹೋಗಿ ಎಂದು. ಇಬ್ಬರೂ ಅವನ ಬಗ್ಗೆ ಮೃದುವಾಗಿ ಮಾತಾಡಿರಬೇಕು.

ಕೇಳಬಹುದಿತ್ತು. ಕೇಳಲು ಬಾಯಿ ತೆರೆದರೆ ತನ್ನ ಸುಳ್ಳೂ ಹೊರಬರುತ್ತಿತ್ತು. ಮುಂದೆ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ಅವನು ಪೆಡಲನ್ನು ನೆಲಕ್ಕೊತ್ತಿದ. ಇಂಜಿನ್ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಿತು, ಎಲ್ಲೂ ತಡವರಿಸಲಿಲ್ಲ, ಎಲ್ಲೂ ಕುಟ್ಟಲಿಲ್ಲ, ಅವನು ತಿದ್ದಿದ ಒಂದೊಂದು ಚೌಕವನ್ನೂ ಹಾದು ಏರಿತು, ಏರಬಲ್ಲಷ್ಟು ಏರಿ ಅಲ್ಲೇ ನಿಂತಿತು. ಅವಳು ಕಿತ್ತಳೆಯಿಂದ ತಲೆಯೆತ್ತಿ ವೇಗದ ಮುಳ್ಳನ್ನು ನೋಡಿದಳು, ಅವನ ಮುಖ ನೋಡಿದಳು. ಸ್ವಲ್ಪ ಕಾದಳು. ಆಮೇಲೆ ಒಂದು ಕೈಯನ್ನು ಮುಂದೆ ಚಾಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

"ನಿಧಾನ ರೀ," ಅಂದಳು. "ಭಯ ಆಗುತ್ತೆ."

ಮಗಳು ಶಾಲೆಯ ಹಾಡನ್ನು ತಪ್ಪು ತಪ್ಪಾಗಿ ಹಾಡಿ ಮುಗಿಸಿ ಮುಖ ನೋಡುತ್ತ ನಿಂತಾಗ, ಚೆನ್ನಾಗಿತ್ತು ಪುಟ್ಟಿ ಎನ್ನಲು ಅವಳು ತೆಗೆಯುವ ದನಿ ಅದು. ಕಾಲುಗಳು ಸೀಟಿನ ಮೇಲೆ ಮಡಿಸಿಕೊಂಡೇ ಇದ್ದವು.

"ಸರಿ," ಎಂದು ಅವನು ನಿಧಾನ ಮಾಡಿದ. ಅವಳು ಒಂದು ತೊಳೆ ಬಿಡಿಸಿ ಅವನ ಬಾಯಿಗಿಟ್ಟಳು.